ಮಾರಯ್ಯ ಮೇಸ್ತ್ರಿಯವರ ಮೊದಲ ಟ್ರಿಪ್ಪಿನ ಸೀಟು

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಹಳದಿ ಶಾಲಾ ಬಸ್ಸು ಓಡಾಡುವ ಯಾವ ರಸ್ತೆಯಲ್ಲಿ ನಿಂತು ವಿಚಾರಿಸಿದರೂ, ಮಾರಯ್ಯ ಮೇಸ್ತ್ರಿಯವರ ಹೆಸರು ಕೇಳದ ಡ್ರೈವರು ಸಿಗುವುದು ಕಷ್ಟ. ವಾಹನ ದುರಸ್ತಿಯನ್ನು ಒಂದು ವಿದ್ಯೆಯೆಂದು ಎಣಿಸುವವರು ನಮ್ಮಲ್ಲಿ ಕಡಿಮೆ. ಎಣಿಸುವುದಾದರೆ, ಬ್ರೇಕಿನ ಮಟ್ಟಿಗೆ ಈ ಸೀಮೆಯ ಗುರುಪೀಠದಲ್ಲಿ ಕೂರಬೇಕಾದವರು ಅವರೇ. ಅಭಿನಂದನ ಗ್ರಂಥಗಳು ಸಾಮಾನ್ಯವಾಗಿ ವೇದಿಕೆಯ ಮೇಲೆ ಕುಳಿತವರಿಗೆ ಮೀಸಲು. ಮೂವತ್ತನಾಲ್ಕು ವರ್ಷ ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿ ದುಡಿದವರೊಬ್ಬರಿಗೆ ನಮ್ಮ ವಿದ್ಯಾಸಂಸ್ಥೆ ಇಂಥದೊಂದು ಗ್ರಂಥವನ್ನು ಅರ್ಪಿಸುತ್ತಿರುವುದು ತಡವಾಗಿಯಾದರೂ ಬಂದ ಬುದ್ಧಿ ಎಂದು ಈ ಲೇಖಕಿ ಸಂತೋಷಪಡುತ್ತಾಳೆ.

ಈ ಲೇಖನಕ್ಕೆ ಮೇಸ್ತ್ರಿಯವರು ಒಂದು ಷರತ್ತು ಹಾಕಿದರು. ಸಂಪಾದಕ ಮಂಡಲಿಯವರು ಅವರ ಸದ್ಗುಣಗಳನ್ನಷ್ಟೇ ಬರೆಯುವಂತೆ ಸೂಚಿಸಿದ್ದರು. ಅದನ್ನು ಹೇಳಲು ಹೋದಾಗ ಅವರು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು, "ಆ ಒಂಬತ್ ದಿನದ್ ವಿಷ್ಯ ಬರ್ಯದಾದ್ರೆ ಬರೀರಿ ಮೇಡಮ್. ಇಲ್ದಿದ್ರೆ ಪುಸ್ತಕದಲ್ಲಿ ನನ್ನೆಸ್ರೇ ಬ್ಯಾಡ" ಎಂದರು. ಮಂಡಲಿಯವರ ಮಾತಿಗಿಂತ ಅವರ ಮಾತು ದೊಡ್ಡದು. ಆದ್ದರಿಂದ ಆ ಒಂಬತ್ತು ದಿನ ಇಲ್ಲಿ ಬರುತ್ತವೆ.

ಮಾರಯ್ಯನವರು ಉಮ್ಮತ್ತೂರಿನವರು. ತಂದೆ ತಾಯಿ ಕೂಲಿ ಮಾಡಿ ಓದಿಸಿದ ಮಗ, ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎಡವಿದರು. ಚಾಮರಾಜನಗರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ೧೯೯೧ರಲ್ಲಿ ನಮ್ಮ ಸಂಸ್ಥೆಯ ವರ್ಕ್‌ಶಾಪಿಗೆ ಹೆಲ್ಪರಾಗಿ ಬಂದರು. ಆಗ ಸಂಸ್ಥೆಗಿದ್ದದ್ದು ಎರಡೇ ಬಸ್ಸು. ಒಂದು ಓಡುತ್ತಿತ್ತು, ಇನ್ನೊಂದು ಅದಕ್ಕೆ ಬಿಡಿಭಾಗ ಒದಗಿಸುತ್ತಿತ್ತು. ಹನ್ನೆರಡು ವರ್ಷದಲ್ಲಿ ಅವರು ಮೇಸ್ತ್ರಿಯಾದರು. ಒಂದನೇ ತರಗತಿಯ ಮಕ್ಕಳು ಬಸ್ಸು ಹತ್ತಲಾಗದೆ ಮಂಡಿಯೂರಿ ತೆವಳುವುದನ್ನು ಕಂಡು, ಯಾರೂ ಕೇಳದಿದ್ದರೂ ಪ್ರತಿ ಬಸ್ಸಿನ ಬಾಗಿಲಿಗೂ ತಗ್ಗಿನಲ್ಲಿ ಇನ್ನೊಂದು ಮೆಟ್ಟಿಲು ಬೆಸೆದವರು ಅವರು. ಈ ಲೇಖಕಿ ಗುಂಡ್ಲುಪೇಟೆ ಶಾಖೆಗೆ ಕನ್ನಡ ಅಧ್ಯಾಪಕಿಯಾಗಿ ಬಂದ ಹೊಸದರಲ್ಲಿ, ಬೇಗೂರಿನ ಬಳಿ ಸ್ಕೂಟರು ಕೈಕೊಟ್ಟಾಗ, ಸರ್ಕಾರಿ ಬಸ್ಸಿನಲ್ಲಿ ಹಾದುಹೋಗುತ್ತಿದ್ದ ಮೇಸ್ತ್ರಿಯವರು ಇಳಿದು ಬಂದು ಸರಿಮಾಡಿಕೊಟ್ಟರು. ಹೆಸರು ಹೇಳದೆ ಮುಂದಿನ ಬಸ್ಸಿಗೆ ಕಾಯುತ್ತ ರಸ್ತೆಯಂಚಿನಲ್ಲಿ ನಿಂತರು. ಅವರು ನಮ್ಮವರೇ ಎಂದು ತಿಳಿದದ್ದು ತಿಂಗಳ ಮೇಲೆ.

ಇನ್ನು ೨೦೧೦ರ ವಿಷಯ.

ಆಯುಧಪೂಜೆಯ ಹಿಂದಿನ ದಿನ ನಮ್ಮ ಕಡೆ ಗಾಡಿಗಳಿಗೆ ಆಗುವ ಸಿಂಗಾರ ಎಲ್ಲರಿಗೂ ಗೊತ್ತಿದ್ದದ್ದೇ. ತೊಳೆದು, ಒರೆಸಿ, ಚಕ್ರಕ್ಕೂ ಹೊಟ್ಟೆಯಡಿಗೂ ಕಪ್ಪು ಬಣ್ಣ ಬಳಿದು, ಬಾಳೆಕಂದು ಕಟ್ಟುವಷ್ಟರಲ್ಲಿ ಹತ್ತು ವರ್ಷದ ಮುದಿ ಬಸ್ಸೂ ಮದುವಣಿಗನಾಗಿರುತ್ತದೆ. ಆ ವರ್ಷ ಗುಂಡ್ಲುಪೇಟೆ ಶಾಖೆಯ ಏಳನೇ ನಂಬರಿನ ಮಿನಿಬಸ್ಸಿನಡಿ ಕುಂಚ ಹಿಡಿದು ಮಲಗಿದ್ದ ಮಾರಯ್ಯನವರಿಗೆ ಹಿಂಬದಿಯ ಬ್ರೇಕ್ ಪೈಪು ಕಂಡಿತು. ಪೆಡಲು ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರದವರೆಗೆ ಒಯ್ಯುವ, ಪೆನ್ಸಿಲಿಗಿಂತ ತೆಳ್ಳಗಿನ ಸ್ಟೀಲ್ ಕೊಳವೆ ಅದು. ಅದರ ಮೇಲೆ ತುಕ್ಕು ಹೊಪ್ಪಳೆಯಾಗಿ ಎದ್ದಿತ್ತು. ಬಿಚ್ಚಿದರೆ ಬಸ್ಸು ಪೂಜೆಗೆ ನಿಲ್ಲುವುದಿಲ್ಲ. ಪೂಜೆಯ ದಿನ ಬಿಚ್ಚಿಟ್ಟ ಗಾಡಿ ಅಪಶಕುನ. ಹಬ್ಬ ಕಳೆದ ಮೇಲೆ ಬದಲಿಸೋಣವೆಂದು ಅವರು ಅದರ ಮೇಲೂ ಕುಂಚ ಎಳೆದರು. ಹಬ್ಬ ಕಳೆಯಿತು. ಕಪ್ಪು ಬಣ್ಣದಡಿಯಲ್ಲಿ ಒಳ್ಳೆಯ ಪೈಪೂ ಕೆಟ್ಟ ಪೈಪೂ ಒಂದೇ ಥರ ಕಾಣುತ್ತಿದ್ದವು, ಕೆಲಸ ತಲೆಯ ಮೇಲಿತ್ತು, ಮರೆತುಹೋಯಿತು.

ಡಿಸೆಂಬರಿನಲ್ಲಿ ಏಳನೇ ತರಗತಿಯ ಮಕ್ಕಳನ್ನು ಅದೇ ಬಸ್ಸಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ದೆವು. ಖಾಸಗಿ ಬಸ್ಸುಗಳನ್ನು ಆಗಿನ್ನೂ ಮೇಲಕ್ಕೆ ಬಿಡುತ್ತಿದ್ದರು. ಓಡಿಸುತ್ತಿದ್ದವರು ಬೆಟ್ಟದ ತಪ್ಪಲಿನ ಹಂಗಳ ಊರಿನ ಶಿವಸ್ವಾಮಿ. ಇಳಿಯುವಾಗ ಎರಡನೆಯ ತಿರುವಿನಲ್ಲಿ ಪೆಡಲು ನೆಲ ಮುಟ್ಟಿತು. ಶಿವಸ್ವಾಮಿಯವರು ಕೂಗಲಿಲ್ಲ, ಹಾರಲಿಲ್ಲ. ಬಸ್ಸನ್ನು ಬೆಟ್ಟದ ಮಗ್ಗುಲಿಗೆ ಉಜ್ಜಿಸಿ ಮಣ್ಣಿನ ದಿಣ್ಣೆಗೆ ನಿಲ್ಲಿಸಿದರು. ಇನ್ನೊಂದು ಮಗ್ಗುಲಲ್ಲಿದ್ದದ್ದು ಪ್ರಪಾತ. ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದ ಈ ಲೇಖಕಿ ಅದನ್ನು ಕಿಟಕಿಯಿಂದ ಕಂಡಿದ್ದಾಳೆ. ಮಕ್ಕಳಿಗೆ ತರಚು ಗಾಯ. ಮುಂದೆ ಇಂಜಿನ್ ಪೆಟ್ಟಿಗೆಯ ಪಕ್ಕ ಕುಳಿತಿದ್ದ ಆಯಾ ಸಣ್ಣಮ್ಮನವರ ಭುಜದ ಮೂಳೆ ಮುರಿಯಿತು.

ಆಡಳಿತ ಮಂಡಲಿ ವಿಚಾರಣೆಗೆ ಕೂತಿತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವ ಚಾಳಿ ಕೆಲವು ಡ್ರೈವರುಗಳಿಗೆ ಇದೆ. ಶಿವಸ್ವಾಮಿಯೂ ಹಾಗೇ ಮಾಡಿದ್ದಾನೆ, ಅದರಿಂದಲೇ ಬ್ರೇಕು ಕಾದು ಕೆಟ್ಟಿದೆ ಎಂದು ಮೊದಲ ದಿನವೇ ತೀರ್ಮಾನವಾಯಿತು. ಅವರನ್ನು ಕೆಲಸದಿಂದ ನಿಲ್ಲಿಸಿದರು. ಹಂಗಳದ ಟೀ ಅಂಗಡಿಯಲ್ಲಿ ಜನ ಅವರನ್ನು ನೋಡಿ ಮಾತು ನಿಲ್ಲಿಸತೊಡಗಿದರು. ಗೇರೆಂದರೇನೆಂದು ತಿಳಿಯದ ನಾವು ಅಧ್ಯಾಪಕರೆಲ್ಲ, ಜೀವ ಉಳಿಸಿದ ಮನುಷ್ಯನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಇದು ನಮ್ಮ ಪಾಲಿನ ತಪ್ಪು, ಇದೂ ಇಲ್ಲಿ ದಾಖಲಾಗಲಿ.

ಮಾರಯ್ಯನವರಿಗೆ ಎಳೆದು ತಂದ ಬಸ್ಸಿನಡಿ ಬಗ್ಗಿದ ಕೂಡಲೇ ಎಲ್ಲವೂ ತಿಳಿಯಿತು. ಪೈಪು ಸೀಳಿದ್ದದ್ದು ತಾವು ಬಣ್ಣ ಬಳಿದ ಜಾಗದಲ್ಲೇ. ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಓದುವ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ತಾಯಿ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಒಂಬತ್ತು ದಿನ ಕಳೆದರು. ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲವೆಂದು ಅವರೇ ಹೇಳಿದ್ದಾರೆ. ಹೇಳಿ, ಅದನ್ನೇನೂ ದೊಡ್ಡದು ಮಾಡಬೇಡಿ, ಶಿವಸ್ವಾಮಿಗೆ ನಿದ್ದೆಯೇ ಇರಲಿಲ್ಲ ಎಂದೂ ಸೇರಿಸಿದ್ದಾರೆ.

ಒಂಬತ್ತನೆಯ ದಿನ ಸಣ್ಣಮ್ಮನವರನ್ನು ನೋಡಲು ಆಸ್ಪತ್ರೆಗೆ ಹೋದರು. ಆಕೆ ತಾನಾಗಿಯೇ ಮಾತು ತೆಗೆದರು.

"ಗಾಡಿ ಗೇರಲ್ಲೇ ಇತ್ತು ಕಣ್ ಮಾರಣ್ಣ. ಇಂಜಿನ್ ಪೆಟ್ಗೆ ಪಕ್ಕದಲ್ಲೇ ಕುಂತಿದ್ನಲ್ಲ, ಗುರ್ರ್ ಅಂತಾನೇ ಇತ್ತು. ಆ ಹೈದ ತಪ್ ಮಾಡ್ನಿಲ್ಲ. ಆದ್ರೆ ನನ್ನ ಯಾರ್ ಕೇಳ್ತರೆ?"

ಮೇಸ್ತ್ರಿಯವರು ಆಸ್ಪತ್ರೆಯಿಂದ ನೆಟ್ಟಗೆ ವರ್ಕ್‌ಶಾಪಿಗೆ ಬಂದು ಪೈಪನ್ನು ಬಿಚ್ಚಿದರು. ಕಾರ್ಯದರ್ಶಿ ಕರಿಬಸವಯ್ಯನವರ ಕೋಣೆಯಲ್ಲಿ ಸಭೆ ನಡೆದಿತ್ತು. ಒಳಗೆ ಹೋಗಿ, ಮೇಜಿನ ಮೇಲಿದ್ದ ಕಾಗದಗಳ ಮೇಲೆ ಅದನ್ನಿಟ್ಟು, ಉಗುರಿನಿಂದ ಕೆರೆದರು. ಕಪ್ಪು ಬಣ್ಣ ಕಿತ್ತು ಕೆಂಪು ಹುಡಿ ಉದುರಿತು.

"ತಪ್ಪು ಡ್ರೈವರ್ದಲ್ಲ ಸ್ವಾಮಿ, ನಂದು. ತುಕ್ಕು ಕಂಡಿತ್ತು. ಕಂಡೂ ಬಣ್ಣ ಬಳುದ್ಬುಟ್ಟೆ."

ಕರಿಬಸವಯ್ಯನವರು ಕಟ್ಟುನಿಟ್ಟಿನ ಮನುಷ್ಯರು. ಕೆಲಸದಿಂದ ತೆಗೆಯಲಿಲ್ಲ, ಆದರೆ ಮೇಸ್ತ್ರಿಗಿರಿ ಕಿತ್ತು ಎರಡು ವರ್ಷ ಮತ್ತೆ ಹೆಲ್ಪರು ಮಾಡಿದರು. ತಾವೇ ಕೆಲಸ ಕಲಿಸಿದವರ ಕೈಕೆಳಗೆ ಮಾರಯ್ಯನವರು ಸ್ಪ್ಯಾನರು ಎತ್ತಿಕೊಡುತ್ತ ನಿಂತರು. ಅದರ ಬಗ್ಗೆ ಅವರು ಗೊಣಗಿದ್ದನ್ನು ಯಾರೂ ಕೇಳಿಲ್ಲ. ಅವರನ್ನು ಕುಟುಕುತ್ತಿದ್ದದ್ದು ಬೇರೆ. ಶಿವಸ್ವಾಮಿಯವರನ್ನು ವಾಪಸು ಕರೆದಾಗ ಅವರು ಕೀಲಿಕೈ ತೆಗೆದುಕೊಳ್ಳುವ ಮುನ್ನ, ಎಲ್ಲರೆದುರಿಗೆ ಒಂದು ಮಾತು ಹೇಳಿದ್ದರು.

"ಮೇಸ್ತ್ರಿ, ನೀವು ಕೈ ಹಾಕುದ್ ಗಾಡೀಲಿ ಮೊದಲ್ನೇ ಟ್ರಿಪ್ಪು ನೀವೂ ಕೂತ್ಕಬೇಕು. ನನ್ ಹಿಂದ್ಲ ಸೀಟಲ್ಲಿ. ಹಂಗಾದ್ರೆ ಓಡುಸ್ತೀನಿ."

ಮಾರಯ್ಯನವರು ತಲೆಯಾಡಿಸಿದರು. ಬ್ರೇಕಿನ ಕೆಲಸ ಮಾಡಿದವನೇ ಮೊದಲ ಟ್ರಿಪ್ಪಿನಲ್ಲಿ ಕೂರುವ ಪದ್ಧತಿ ನಮ್ಮ ಸಂಸ್ಥೆಯಲ್ಲಿ ಬಂದದ್ದು ಹೀಗೆ. ಅದು ಮೇಸ್ತ್ರಿಯವರ ಆದರ್ಶವೆಂದು ಭಾಷಣಗಳಲ್ಲಿ ಹೊಗಳಿದ್ದೇವೆ. ನಿಜದಲ್ಲಿ ಅದು, ಒಬ್ಬ ಡ್ರೈವರು ಅವರ ಕೈಕೆಲಸವನ್ನು ಇನ್ನು ನಂಬುವುದಿಲ್ಲವೆಂದು ಹೇಳಿದ ರೀತಿ. ಆ ನಂಬಿಕೆಯನ್ನು ಮರಳಿ ಪಡೆಯುವುದೊಂದೇ ಮುಂದೆ ಅವರ ಸೇವೆಯ ಗುರಿಯಾಯಿತು.

ಹೊಸ ಸ್ಟೀಲ್ ಪೈಪು ಹಾಕಿ ಸುಮ್ಮನಾಗಬಹುದಿತ್ತು. ಆದರೆ ಚಾಮರಾಜನಗರ ಶಾಖೆಯ ಬಸ್ಸುಗಳಲ್ಲಿ ಹನ್ನೆರಡು ವರ್ಷ ಬಾಳುವ ಪೈಪು ಗುಂಡ್ಲುಪೇಟೆಯ ಬಸ್ಸುಗಳಲ್ಲಿ ನಾಲ್ಕೇ ವರ್ಷಕ್ಕೆ ಏಕೆ ತುಕ್ಕು ಹಿಡಿದುಹೋಗುತ್ತದೆಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಉತ್ತರ ಕೊಟ್ಟದ್ದು ಕೇರಳದ ಬತ್ತೇರಿ ಕಡೆಯ ಹಂಸ ಎಂಬ ಲಾರಿ ಮೆಕ್ಯಾನಿಕ್. ನಮ್ಮ ಬಸ್ಸುಗಳು ನಿಲ್ಲುತ್ತಿದ್ದ ಬಾಡಿಗೆ ಮೈದಾನದಲ್ಲೇ ಕೇರಳದಿಂದ ಬರುವ ಮೀನಿನ ಲಾರಿಗಳು ಬೆಳಗ್ಗೆ ನಿಂತು ಐಸು ಕರಗಿದ ನೀರನ್ನು ಹರಿಯಬಿಡುತ್ತಿದ್ದವು. ಹಂಸ ಬಸ್ಸಿನಡಿ ಬಗ್ಗಿ, ಮೂಸಿ, "ಅಣ್ಣಾ, ಇದು ಮೀನ್ ವೆಳ್ಳಂ. ಉಪ್ಪುನೀರು. ಸ್ಟೀಲ್ ತಡೆಯಲ್ಲ" ಎಂದನಂತೆ. ತಮ್ಮ ಲಾರಿಗಳಿಗೆ ನಿಕ್ಕಲ್ ಬೆರೆತ ತಾಮ್ರದ ಪೈಪು ಹಾಕುತ್ತೇವೆ, ಅದಕ್ಕೆ ತುಕ್ಕು ಹತ್ತುವುದಿಲ್ಲ ಎಂದೂ ಹೇಳಿದ. ಫ್ರಿಜ್ಜಿಗೆ ಹಾಕುವ ಬರೀ ತಾಮ್ರವನ್ನು ಮಾತ್ರ ತಂದು ಹಾಕಬೇಡ, ಅದು ಅದುರಿ ಅದುರಿ ಬಿರಿಯುತ್ತದೆ ಎಂದು ಎಚ್ಚರಿಸಿದ.

ಮೇಸ್ತ್ರಿಯವರು ಎರಡು ವಾರದ ರಜೆಯನ್ನು ಬತ್ತೇರಿಯಲ್ಲಿ ಹಂಸನ ಪಕ್ಕ ಕೂತು ಕಳೆದರು. ಆ ಪೈಪು ಕೈಯಲ್ಲೇ ಬಾಗುವಷ್ಟು ಮೆದು. ಕಷ್ಟವಿರುವುದು ತುದಿಯಲ್ಲಿ. ನಟ್ಟಿನೊಳಗೆ ಸರಿಯಾಗಿ ಕೂರುವಂತೆ ತುದಿಯನ್ನು ಹೂವಿನ ಹಾಗೆ ಅರಳಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಆಯಿಲು ಜಿನುಗುತ್ತದೆ. ಕೆಡಿಸಿದ ತುದಿಗಳನ್ನೆಲ್ಲ ಅವರು ಒಂದು ತಂತಿಗೆ ಪೋಣಿಸಿ ವರ್ಕ್‌ಶಾಪಿನಲ್ಲಿ ತೂಗುಹಾಕಿದರು. ಎಣಿಸಿದವರಿಗೆ ಅರವತ್ತಮೂರು ಸಿಕ್ಕಿವೆ. ಪಕ್ಕದ ಮೊಳೆಯಲ್ಲಿ ಏಳನೇ ನಂಬರಿನ ಆ ಹಳೆಯ ಪೈಪು. ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ ಇಡುತ್ತಿದ್ದರು. ಬ್ರೇಕ್ ಪೈಪಿನ ಮೇಲೆ ಬಣ್ಣದ ಕುಂಚ ಆಡಿಸಿದವನಿಗೆ ಮಾತ್ರ ಅವರ ಬಾಯಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಅಷ್ಟು ಮೆದು ಮನುಷ್ಯ ಆಗ ಕೆಂಡ.

ಮೇಸ್ತ್ರಿಗಿರಿ ಮರಳಿ ಬಂದ ಮೇಲೆ ಒಂದೊಂದೇ ಬಸ್ಸನ್ನು ಹಿಡಿದರು. ಕೊಳ್ಳುವ ಹೊಸ ಬಸ್ಸಿಗೂ ತುಕ್ಕು ಮೂಡುತ್ತಲೇ ಹಳೆಯದನ್ನು ಬಿಚ್ಚಿ ತಾಮ್ರ-ನಿಕ್ಕಲ್ ಪೈಪು ಎಳೆದರು. ಪ್ರತಿ ಸಲವೂ, ಬಸ್ಸು ಯಾರದೇ ಇರಲಿ, ಮೊದಲ ಟ್ರಿಪ್ಪಿಗೆ ಹತ್ತಿ ಡ್ರೈವರ ಹಿಂದಿನ ಸೀಟಿನಲ್ಲಿ ಕೂತರು. ಶಿವಸ್ವಾಮಿಯವರ ಬಸ್ಸಾದರೆ ಹಂಗಳ ಮುಟ್ಟಿದಾಗ ಒಬ್ಬರು "ಪರ್ವಾಗಿಲ್ವಾ?" ಎನ್ನುವುದು, ಇನ್ನೊಬ್ಬರು "ಹೂಂ" ಎನ್ನುವುದು, ಅಷ್ಟೇ. ಇಳಿಜಾರು ಬಂದಾಗ ಮೇಸ್ತ್ರಿಯವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತೆಂದು ಸಣ್ಣಮ್ಮನವರು ನಗುತ್ತ ಹೇಳುತ್ತಾರೆ. ಹೆಲ್ಪರಾಗಿದ್ದ ಎರಡು ವರ್ಷವೂ ಸೇರಿ ಹದಿನಾಲ್ಕು ವರ್ಷ ಹೀಗೆ ನಡೆಯಿತು. ಈ ಅವಧಿಯಲ್ಲಿ ನಮ್ಮ ಯಾವ ಬಸ್ಸಿನ ಬ್ರೇಕ್ ಪೈಪೂ ಒಡೆಯಲಿಲ್ಲ.

ಕಳೆದ ಮೇ ತಿಂಗಳ ಮೂವತ್ತೊಂದು ಅವರ ಸೇವೆಯ ಕೊನೆಯ ದಿನ. ಸಂಜೆ ಚಾಮರಾಜನಗರದಲ್ಲಿ ಬೀಳ್ಕೊಡುಗೆ. ಶಾಲು, ಹಾರ ಎಲ್ಲ ಸಿದ್ಧವಾಗಿತ್ತು. ಅವರು ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ಹತ್ತೊಂಬತ್ತನೆಯ ನಂಬರಿನ ಬಸ್ಸಿನಡಿ ಇದ್ದರು. ಸ್ಟೀಲ್ ಪೈಪು ಉಳಿದಿದ್ದದ್ದು ಅದೊಂದರಲ್ಲೇ, ಅದನ್ನು ಓಡಿಸುತ್ತಿದ್ದವರು ಶಿವಸ್ವಾಮಿಯವರು. ಕೊನೆಯ ನಟ್ಟು ಬಿಗಿದು, ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲು ಕೂಗಿದಾಗ, ಪೆಡಲು ಒತ್ತಲು ಶಿವಸ್ವಾಮಿಯವರೇ ಮೇಲೆ ಕೂತರು. ಕೆಳಗಿನಿಂದ "ಒತ್ತು", ಮೇಲಿನಿಂದ "ಒತ್ತಿದ್ದೀನಿ". ಶಾಲಾ ದಾಖಲಾತಿಯ ಕೆಲಸಕ್ಕೆ ಬಂದಿದ್ದ ಈ ಲೇಖಕಿ ಕಿಟಕಿಯಿಂದ ನೋಡುತ್ತಿದ್ದಳು. ಆಯಿತು. ಮೇಸ್ತ್ರಿಯವರು ಕೈ ತೊಳೆದು, ಅಂಗಿಯ ತೋಳು ಇಳಿಸಿ, ತಾವೇ ಬೆಸೆದ ಆ ತಗ್ಗಿನ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಎಂದಿನ ಸೀಟಿನಲ್ಲಿ ಕೂತರು.

ಶಿವಸ್ವಾಮಿಯವರು ಇಂಜಿನ್ ಚಾಲೂ ಮಾಡಲಿಲ್ಲ. ಕನ್ನಡಿಯಲ್ಲಿ ಅವರನ್ನು ನೋಡಿ ಹಿಂದೆ ತಿರುಗಿದರು.

"ಇಳ್ಕಳಿ ಮೇಸ್ತ್ರಿ."

"ಯಾಕಪ್ಪ, ಏನಾಯ್ತು?"

"ಏನೂ ಆಗಿಲ್ಲ. ನೀವ್ ಮಾಡಿರ ಗಾಡಿ ಅಲ್ವಾ, ನೀವ್ ಕೂರದ್ ಬ್ಯಾಡ. ನಾನೊಬ್ನೇ ಓಯ್ತೀನಿ."

ಮಾರಯ್ಯನವರು ಎದುರಿನ ಸೀಟಿನ ಕಂಬಿ ಹಿಡಿದು ಎದ್ದರು. ಇಳಿದು ಮೈದಾನದಲ್ಲಿ ನಿಂತರು. ತಾವು ಸರಿಮಾಡಿದ ಬಸ್ಸು ತಮ್ಮನ್ನು ಬಿಟ್ಟು ಹೋಗುವುದನ್ನು ಅವರು ಹೊರಗೆ ನಿಂತು ಕಂಡದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಗೇಟಿನ ಹತ್ತಿರ ಬಸ್ಸು ಒಮ್ಮೆ ನಿಂತಿತು, ಹಿಂದಿನ ಎರಡು ಕೆಂಪು ದೀಪಗಳು ಹತ್ತಿಕೊಂಡವು, ಆರಿದವು. ಬಸ್ಸು ಹಂಗಳದ ದಾರಿ ಹಿಡಿಯಿತು. ಮೇಸ್ತ್ರಿಯವರು ಕೈ ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡದ್ದರಿಂದ ಕೆನ್ನೆಗೆಲ್ಲ ಗ್ರೀಸು ಹತ್ತಿತು. ಸಂಜೆಯ ಸಮಾರಂಭದ ಫೋಟೋಗಳಲ್ಲಿ ಅದು ಇನ್ನೂ ಕಾಣುತ್ತದೆ.

ಈಗ ಅವರು ಉಮ್ಮತ್ತೂರಿನ ಮನೆಯ ಮುಂದೆ ಚಪ್ಪರ ಹಾಕಿಕೊಂಡು, ಬಂದ ಟ್ರ್ಯಾಕ್ಟರು, ಆಟೋಗಳ ಅಡಿ ತೂರುತ್ತಿದ್ದಾರೆಂದು ಕೇಳಿದ್ದೇವೆ. ತುದಿ ಅರಳಿಸುವ ಕೆಲಸವನ್ನು ಕಲಿಯಲು ಇಬ್ಬರು ಮೆಕ್ಯಾನಿಕ್‌ಗಳು ನಗರದಿಂದ ಬಂದು ಹೋಗುತ್ತಾರಂತೆ. ಅವರ ಕೈಗೆ ಈ ಕಸುವು ಬಹುಕಾಲ ಇರಲಿ, ಕಣ್ಣಿಗೆ ತುಕ್ಕು ಕಾಣುವ ಚುರುಕು ಇರಲಿ, ಮನೆಯವರೊಡನೆ ನೂರು ಆಯುಧಪೂಜೆಗಳನ್ನು ಕಾಣಲಿ. ಎಂದಾದರೂ ಗೋಪಾಲಸ್ವಾಮಿಯ ದರ್ಶನಕ್ಕೆಂದು ಅವರು ಹಂಗಳದವರೆಗೆ ನಮ್ಮ ಬಸ್ಸು ಹತ್ತಿದರೆ, ಇಳಿಜಾರು ಬಂದಾಗ ಅವರ ಬಲಗಾಲು ಸುಮ್ಮನಿರಲಿ.