ನೀಲಾ ಅವರ ತಪ್ಪಿನ ನೋಟ್‌ಬುಕ್

ಟಿಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಣ್.

ವಿದ್ಯಾರಣ್ಯಪುರದಲ್ಲಿ ನಮ್ಮ ಅಡುಗೆಮನೆಯ ಕಿಟಕಿಗೂ ಪಕ್ಕದ ಮನೆಯ ಊಟದ ಮೇಜಿಗೂ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ, ಒಂದು ಕರಿಬೇವಿನ ಗಿಡ, ಅಷ್ಟೇ. ಬೆಳಿಗ್ಗೆ ಹತ್ತೂವರೆಗೆ ಶುರುವಾಗುತ್ತಿದ್ದ ಆ ಸದ್ದು ನೀಲಾ ಅವರ ಲ್ಯಾಪ್‌ಟಾಪಿನದು. ಚೆಸ್ ಪಜಲ್ ಒಂದನ್ನು ಸರಿಯಾಗಿ ಬಿಡಿಸಿದರೆ ಆ ವೆಬ್‌ಸೈಟು ಟಿಣ್ ಎನ್ನುತ್ತಿತ್ತು, ತಪ್ಪಿದರೆ ಡುಬ್. 2012ರಲ್ಲಿ ಆ ಒಂದು ವರ್ಷ ನಾನು ಸಾರಿಗೆ ಬೇಳೆ ಇಟ್ಟು ಟಿಣ್‌ಗಳಿಗೆ ಕಿವಿ ಕೊಡುತ್ತಿದ್ದೆ. ಡುಬ್ ಕೇಳಿದ ದಿನ ಸಾರು ರುಚಿಯಾಗುತ್ತಿತ್ತು.

ನೀಲಾ ಗದಗಿನ ಕಡೆಯವರು. ಗಂಡನಿಗೆ ಯಲಹಂಕದ ಕಾರ್ಖಾನೆಯೊಂದರಲ್ಲಿ ಕೆಲಸ. ನನಗಿಂತ ತುಂಬಾ ಚಿಕ್ಕವರು, ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ಮಗಳಿಗೆಂದು ಆ ವೆಬ್‌ಸೈಟಿಗೆ ಒಂದು ವರ್ಷದ ಮೆಂಬರ್‌ಶಿಪ್ ಮಾಡಿಸಿದ್ದರು. ಹುಡುಗಿ ಎರಡೇ ವಾರಕ್ಕೆ ಚೆಸ್ ಬಿಟ್ಟು ಡ್ಯಾನ್ಸ್ ಕ್ಲಾಸ್ ಸೇರಿದಳು.

“ಉಳದದ್ದು ಚೆಲ್ಲೂದ್ಯಾಕ್ರಿ ಅಕ್ಕಾರ? ನಾನ ಮುಗಸ್ತೀನಿ,” ಎಂದು ರಾತ್ರಿ ಮಿಕ್ಕ ರೊಟ್ಟಿಯ ವಿಷಯ ಹೇಳುವ ಹಾಗೆ ಹೇಳಿ, ಕಾಯಿ ನಡೆಸುವುದನ್ನು ಕಲಿಸಿಕೊಡಿ ಎಂದು ನನ್ನ ಹತ್ತಿರ ಬಂದರು.

ಕಲಿಸಿದೆ. ವೈ ನಾಟ್? ನನಗೂ ಒಬ್ಬರು ಕಾನ್ವೆಂಟ್ ಸಿಸ್ಟರ್ ಕಲಿಸಿದ್ದರಲ್ಲ: ಬೆನ್ನು ನೇರ, ಬಾಯಿ ಬಂದ್, ಕೊನೆಗೆ ಹ್ಯಾಂಡ್‌ಶೇಕ್. ನಮ್ಮ ಬಡಾವಣೆಯ ಸಂಘದವರು ನವೆಂಬರಿನಲ್ಲಿ ನಡೆಸುವ ಸ್ಪರ್ಧೆಯಲ್ಲಿ ಲೇಡೀಸ್ ಕಪ್ ಪ್ರತಿ ವರ್ಷ ನನಗೇ ಬರುತ್ತಿತ್ತು. ಷೋಕೇಸಿನಲ್ಲಿ ನಾಲ್ಕು ಕಪ್‌ಗಳಿದ್ದವು. ನಗಬೇಡಿ, ಇಡೀ ಜೀವಮಾನದಲ್ಲಿ ನಾನು ಗೆದ್ದದ್ದೆಂದರೆ ಅವೇ.

ಶನಿವಾರ ಸಂಜೆ ನಮ್ಮ ವರಾಂಡದಲ್ಲಿ ಆಟ. ನನ್ನ ಬಿಷಪ್ ಅವರಿಗೆ ಒಂಟೆ, ನನ್ನ ಕ್ವೀನ್ ಅವರಿಗೆ ಮಂತ್ರಿ. ಮೊದಲಿಗೆ ಪ್ರತಿ ವಾರ ಸೋಲುತ್ತಿದ್ದರು. “ಅಕ್ಕಾರ, ನಿಮ್ದು ತಲಿ ಅಲ್ರಿ, ಮಷೀನು,” ಎನ್ನುತ್ತಿದ್ದರು. ಎಷ್ಟು ಒಳ್ಳೆಯ ಹೆಣ್ಣುಮಗಳು ಎಂದು ನನಗನ್ನಿಸುತ್ತಿತ್ತು.

ಪಜಲ್ ಬಿಡಿಸುವಾಗ ಮುಂದೆ ಒಂದು ತಟ್ಟೆ ಬೆಳ್ಳುಳ್ಳಿ ಇಟ್ಟುಕೊಂಡು ಸುಲಿಯುತ್ತಿದ್ದರು. “ಕೈ ಖಾಲಿ ಇದ್ರ ಅವಸರ ಮಾಡ್ತಾವ್ರಿ.” ಕೈಲಿದ್ದ ಗಡ್ಡೆ ಸುಲಿದು ಮುಗಿದ ಮೇಲೆಯೇ ಮೌಸ್ ಮುಟ್ಟುವುದು. ತಪ್ಪಿದ ಪಜಲ್‌ಗಳನ್ನೆಲ್ಲ ವೆಬ್‌ಸೈಟು ಪಟ್ಟಿ ಮಾಡಿ ಇಡುತ್ತಿತ್ತು. ಮರುದಿನ ಅದನ್ನು ನೋಡಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ತುಂಬುವರು: ಆಡಿದ್ದು, ಆಡಬೇಕಾದದ್ದು, ಕಾರಣ. ಕಾರಣದ ಕೆಳಗೆ ‘ಅವಸರ’, ‘ಕುದುರಿ ಕಾಣಲಿಲ್ಲ’, ‘ಹಾಲು ಉಕ್ಕಿತು’, ‘ಸೊಕ್ಕು’ ಎಂದೆಲ್ಲ ಇರುತ್ತಿತ್ತು.

ಜೂನ್ ತಿಂಗಳ ಒಂದು ಶನಿವಾರ ನನ್ನನ್ನು ಸೋಲಿಸಿಯೇಬಿಟ್ಟರು. ತಮ್ಮ ಆನೆಯನ್ನು ಸುಮ್ಮನೆ ಕೊಟ್ಟರು. ಅಯ್ಯೋ ಪಾಪ ಎಂದುಕೊಂಡೇ ತೆಗೆದುಕೊಂಡೆ. ಎರಡು ನಡೆಗೆ ಚೆಕ್‌ಮೇಟ್! ಮದುವೆಯಾದಂದಿನಿಂದ ನನ್ನ ಒಂದು ಆಟವನ್ನೂ ತಲೆಯೆತ್ತಿ ನೋಡದ ನಮ್ಮ ಯಜಮಾನರು ಪೇಪರ್ ಕೆಳಗಿಟ್ಟು, “ಭಲೇ ನೀಲಮ್ಮ!” ಎಂದು ಚಪ್ಪಾಳೆ ತಟ್ಟಿದರು. ಹ್ಯಾಂಡ್‌ಶೇಕ್ ಮಾಡಿದೆ. ಕೈ ಬೆಳ್ಳುಳ್ಳಿ ವಾಸನೆ ಹೊಡೆಯಿತು. ಮೂರು ಸಲ ಸೋಪು ಹಾಕಿ ತೊಳೆದೆ.

ನಾನೂ ಯಜಮಾನರ ಕಂಪ್ಯೂಟರಿನಲ್ಲಿ ಗುಟ್ಟಾಗಿ ಪಜಲ್ ಮಾಡಿ ನೋಡಿದೆ. ಡುಬ್, ಡುಬ್, ಡುಬ್. ಆ ಸಿಟ್ಟಿಗೆ ಅವರಿಗೆ ಹೇಳಿದೆ: “ಪಜಲ್ ಬೇರೆ, ಆಟ ಬೇರೆ ನೀಲಾ. ಪಜಲ್‌ನಲ್ಲಿ ಗೆಲುವು ಇದೆ ಅಂತ ಮೊದ್ಲೇ ಗೊತ್ತಿರುತ್ತೆ, ಹುಡುಕ್ತೀರಿ.”

“ಆಟದಾಗೂ ಇರ್ತೈತ್ರಿ ಅಕ್ಕಾರ. ಯಾರೂ ಹೇಳಂಗಿಲ್ಲ, ಅಷ್ಟ.”

ಆ ಮಾತು ನನಗೆ ಹೊಳೆಯಬೇಕಿತ್ತು. ಅವರಿಗೆ ಹೊಳೆಯಿತು. ಆ ರಾತ್ರಿ ಊಟ ರುಚಿಸಲಿಲ್ಲ.

ನವೆಂಬರ್ ಹತ್ತಿರ ಬರುತ್ತಿತ್ತು. ಸ್ಕ್ರೀನಿನ ಮೂಲೆಯಲ್ಲಿ, ಟಿಣ್ ಎಂದರೆ ಏರಿ ಡುಬ್ ಎಂದರೆ ಇಳಿಯುವ ಅವರ ರೇಟಿಂಗ್ ಅಂಕ ಏರುತ್ತಲೇ ಇತ್ತು. ಒಂದು ಬೆಳಿಗ್ಗೆ ಕರಿಬೇವಿನ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. “ಕುಂದರ್ರಿ, ಚಹಾ ಮಾಡ್ತೀನಿ,” ಎಂದು ಒಳಗೆ ಹೋದರು. ಮೇಜಿನ ಮೇಲೆ ಅರ್ಧ ಸುಲಿದ ಬೆಳ್ಳುಳ್ಳಿ, ಎದುರಿಗೆ ಬಿಡಿಸದ ಪಜಲ್. ನನ್ನ ಕೈ ಖಾಲಿ ಇತ್ತು. ಮೌಸ್ ಹಿಡಿದು ಅವರ ಕ್ವೀನನ್ನು ಬೇಕೆಂದೇ ಶತ್ರುವಿನ ಬಾಯಿಗೆ ಇಟ್ಟೆ. ಡುಬ್ ಸದ್ದು ಒಳಗೆ ಕೇಳದಿರಲೆಂದು ಜೋರಾಗಿ ಕೆಮ್ಮಿದೆ. ರೇಟಿಂಗ್ ಇಳಿಯಿತು. ಆಹಾ!

ನೀಲಾ ಬಂದು ಸ್ಕ್ರೀನ್ ನೋಡಿದರು. “ಏನೋ ತಾಗಿರ್ಬೇಕ್ ಬಿಡ್ರಿ,” ಎಂದು ಮತ್ತೆ ಬೆಳ್ಳುಳ್ಳಿ ಹಿಡಿದರು.

ಒಂದು ಸಲಕ್ಕೆ ನಿಲ್ಲಿಸಿದ್ದರೆ ಇಲ್ಲಿ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಏಳು ಸಲ ಮಾಡಿದೆ. ಪ್ರತಿ ಸಲವೂ ಕೆಮ್ಮಿದೆ. ಎರಡನೆಯ ಸಲದಿಂದ ಚಹಾಕ್ಕೆ ಶುಂಠಿ ಬೀಳತೊಡಗಿತು. “ಕೆಮ್ಮು ಭಾಳ ಆಗೇತ್ರಿ ನಿಮಗ,” ಎನ್ನುವರು. ಚಹಾ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ನವೆಂಬರ್ ಫೈನಲ್‌ನಲ್ಲಿ ನಾವಿಬ್ಬರೇ. ಅವರು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು. ಇಪ್ಪತ್ತು ನಿಮಿಷದಲ್ಲಿ ನಾನು ಸೋತೆ. ಕಪ್ಪನ್ನು ನೀಲಾ ಊಟದ ಮೇಜಿನ ಮೇಲೆ ಇಟ್ಟರು. ಮರುವಾರ ನೋಡಿದರೆ ಅದರೊಳಗೆ ಸುಲಿದ ಬೆಳ್ಳುಳ್ಳಿ!

ಮಾರ್ಚಿನಲ್ಲಿ ಅವರ ಯಜಮಾನರಿಗೆ ಹರಿಹರದ ಕಡೆ ವರ್ಗವಾಯಿತು. ಸಾಮಾನಿನ ಲಾರಿ ಮೊದಲೇ ಹೋಗಿತ್ತು. ಗೇಟಿನ ಮುಂದೆ ಟ್ಯಾಕ್ಸಿ ನಿಂತಿತ್ತು. ನೀಲಾ ಬಂದು ಆ ನೋಟ್‌ಬುಕ್ ನನ್ನ ಕೈಗಿಟ್ಟರು. “ನಿಮಗ ಉಪಯೋಗ ಆಗ್ತೈತ್ರಿ. ಶನಿವಾರಕ್ಕ ಯಾರರ ಸಿಗತಾರ.”

ನಿಂತಲ್ಲೇ ಪುಟ ತಿರುವಿದೆ. ಅವಸರ. ಅವಸರ. ಸೊಕ್ಕು. ಅಕ್ಟೋಬರ್ ಪುಟಕ್ಕೆ ಬಂದಾಗ ಬೆರಳು ನಿಂತಿತು. ಮಂತ್ರಿಯನ್ನು ದಾನ ಕೊಟ್ಟ ಏಳು ಸಾಲುಗಳು. ಏಳರ ಮುಂದೆಯೂ, ಕಾರಣದ ಕಾಲಂನಲ್ಲಿ, ಒಂದೇ ಪದ: ‘ಕೆಮ್ಮು’.

“ನೀಲಾ,” ಎಂದೆ. ಸಾರಿ ಎನ್ನಬೇಕಿತ್ತು. ಕಾನ್ವೆಂಟಿನಲ್ಲಿ ಮೊದಲು ಕಲಿಸಿದ್ದೇ ಆ ಪದ. ಬಾಯಿಗೆ ಬಂದದ್ದು ಬೇರೆ. “ಗೊತ್ತಿದ್ದೂ ಪ್ರತಿ ಸಲ ಯಾಕೆ ಒಳಗೆ ಹೋಗ್ತಿದ್ರಿ?”

“ಮತ್ತ ಶುಂಠಿ ಯಾರು ಜಜ್ಜಬೇಕ್ರಿ ಅಕ್ಕಾರ?” ಎಂದರು, ನಿಜವಾಗಿಯೂ ಉತ್ತರ ಬೇಕೆಂಬಂತೆ. ಆಮೇಲೆ ಕಾರು ಹತ್ತಿದರು.

ಅವರ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಅದು ಗೊತ್ತಾಗಿ, ಕಪ್ ಹೋದ ದಿನಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಟ್ಯಾಕ್ಸಿ ಹೊರಟು ರಸ್ತೆಯ ಧೂಳೆಲ್ಲ ಮೇಲೆದ್ದಿತು. ನನಗೆ ಕೆಮ್ಮು ಬಂತು, ಈ ಸಲ ನಿಜವಾದ ಕೆಮ್ಮು, ಬಗ್ಗಿ ನಿಲ್ಲುವಷ್ಟು. ತಿರುವಿನಲ್ಲಿ ನೀಲಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೈಯೆತ್ತಿ ಏನನ್ನೋ ಜಜ್ಜುವ ಹಾಗೆ ಮಾಡಿ ತೋರಿಸುತ್ತಾ, ಬಾಯ್ತುಂಬ ನಗುತ್ತಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.