ಮೇಘನಾಳನ್ನು ಮೆಲ್ಬರ್ನ್‌ಗೆ ಕೊಟ್ಟ ಬಗೆ

ಕೋವಿಡ್ ಮುಗಿದು ಸ್ಟೇಡಿಯಂಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನಾಗ ಸಿಡ್ನಿಯ ಒಂದು ಮಹಿಳಾ ಬಾಸ್ಕೆಟ್‌ಬಾಲ್ ಕ್ಲಬ್‌ನಲ್ಲಿ ಪರ್ಫಾರ್ಮೆನ್ಸ್ ಅನಲಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿಗೆ ಬಂದು ಬಹಳ ಕಾಲ ಇನ್ಶೂರೆನ್ಸ್ ಕಂಪನಿಯಲ್ಲಿ ದುಡಿದು, ಕಾಲೇಜಿನಲ್ಲಿ ಆಡಿದ ಆಟದ ಮೋಹ ಬಿಡದೆ ಈ ಕೆಲಸಕ್ಕೆ ಸೇರಿದವಳು ನಾನು. ಪಂದ್ಯಗಳ ಮತ್ತು ಅಭ್ಯಾಸದ ವಿಡಿಯೋಗಳನ್ನು ತುಂಡು ತುಂಡಾಗಿ ನೋಡಿ, ಯಾರು ಎಲ್ಲಿ ನಿಂತರೆ ತಂಡಕ್ಕೆ ಅನುಕೂಲ, ಎಲ್ಲಿ ನಿಂತರೆ ನಷ್ಟ ಎಂದು ಕೋಚ್‌ಗೆ ತಿಳಿಸುವುದು ನನ್ನ ಹೊಣೆ.

ಮೇಘನಾ ನಮ್ಮ ಅತಿ ಕಿರಿಯ ಗಾರ್ಡ್. ಗಾರ್ಡ್ ಎಂದರೆ ಚೆಂಡನ್ನು ಮುಂದೆ ಒಯ್ದು ಆಟ ಕಟ್ಟುವವಳು. ಸಿಡ್ನಿಯ ಹೊರವಲಯದ ಕೆಲ್ಲಿವಿಲ್‌ನಲ್ಲಿ ಬೆಳೆದ ಹುಡುಗಿ. ಅಪ್ಪ, ಅಮ್ಮ ಹುಬ್ಬಳ್ಳಿಯವರು. ಮೈದಾನಕ್ಕೆ ಇಳಿದರೆ ಮಿಂಚು, ಹೊರಗೆ ಬಂದರೆ ಮಾತೇ ಇಲ್ಲ. ನನ್ನ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಹೆಸರಿನ ಜರ್ಸಿ ಹಾಕಿಕೊಂಡು ಬರುವ ಪುಟ್ಟ ಹುಡುಗಿಯರು ಪ್ರತಿ ಪಂದ್ಯಕ್ಕೂ ಹೆಚ್ಚುತ್ತಿದ್ದರು.

ಸೀಸನ್ನಿನ ನಡುವೆ ನಮ್ಮ ಕ್ಲಬ್ ಅವಳನ್ನು ಟ್ರೇಡ್ ಮಾಡಿತು. ನಮ್ಮ ಲೀಗ್‌ನಲ್ಲಿ ಎರಡು ಕ್ಲಬ್‌ಗಳು ಮಾತಾಡಿಕೊಂಡು ಆಟಗಾರ್ತಿಯರನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಮೇಘನಾ ಮೆಲ್ಬರ್ನ್‌ನ ಕ್ಲಬ್ಬಿಗೆ ಹೋಗಬೇಕು, ಅಲ್ಲಿಂದ ಅನುಭವಿ, ಎತ್ತರದ ಸೆಂಟರ್, ಅಂದರೆ ಬಾಸ್ಕೆಟ್ ಕೆಳಗೆ ನಿಂತು ಆಡುವ ಆಟಗಾರ್ತಿಯೊಬ್ಬಳು ನಮಗೆ ಬರಬೇಕು. ಸುದ್ದಿ ಅವಳಿಗೆ ಸಿಕ್ಕಿದ್ದು ಫೋನಿನಲ್ಲಿ, ಯಾರೋ ಅಭಿಮಾನಿ ಹಾಕಿದ ಪೋಸ್ಟ್‌ನಿಂದ. ಆಗ ಅವಳು ಫಿಸಿಯೋ ಮುಂದೆ ಕಾಲು ಚಾಚಿ ಕೂತಿದ್ದಳು. ಎದ್ದವಳೇ ಶೂ ಕೂಡ ಹಾಕಿಕೊಳ್ಳದೆ ಕಾರ್ ಪಾರ್ಕಿಗೆ ನಡೆದುಬಿಟ್ಟಳು.

ಅಭಿಮಾನಿಗಳು ಸಿಡಿದೆದ್ದರು. ಎರಡೇ ದಿನದಲ್ಲಿ ಒಂದು ಗಾಳಿಮಾತು ಹಬ್ಬಿತು: ಹುಡುಗಿಗೆ ಅಹಂಕಾರ, ಕೋಚ್ ಹೇಳಿದ್ದನ್ನು ಕೇಳುವುದಿಲ್ಲ. ಅದು ಎಲ್ಲಿಂದ ಹೊರಟಿತೆಂದು ನಾನು ಹುಡುಕಬೇಕಾಗಲಿಲ್ಲ. ನಮ್ಮ ಜನರಲ್ ಮ್ಯಾನೇಜರ್ ಡೀನ್ ಅದನ್ನೇ ಪತ್ರಕರ್ತನೊಬ್ಬನಿಗೆ ಫೋನಿನಲ್ಲಿ ಹೇಳುವಾಗ ನಾನು ಅವನ ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ಕಂಡೂ ಅವನು ದನಿ ತಗ್ಗಿಸಲಿಲ್ಲ.

ಆ ಶನಿವಾರ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಮೇಘನಾಳ ತಾಯಿ ಶೋಭಾ ಸಿಕ್ಕರು. ಕೊತ್ತಂಬರಿ ಕಟ್ಟು ಅವರ ಕೈಯಲ್ಲಿ ಹಾಗೇ ಇತ್ತು.

"ನಮ್ಮ ಹುಡುಗಿ ಅಂಥಾದ್ದೇನ್ ಮಾಡ್ಯಾಳ್ರೀ? ಗುಡಿಯಾಗ ಸೈತ ಮಂದಿ ಕೇಳಾಕ್ಹತ್ಯಾರ. ನೀವರ ಖರೇ ಹೇಳ್ರಿ."

"ಏನೂ ಮಾಡಿಲ್ಲ ಶೋಭಾ ಅವರೇ," ಎಂದೆ. ಅಷ್ಟರಿಂದ ಅವರ ಮುಖ ತಿಳಿಯಾಗಲಿಲ್ಲ. ಒಂದು ಮಾತಿಗೆ ಆಗುವಂಥದ್ದೂ ಅಲ್ಲ.

ಸೋಮವಾರ ಡೀನ್ ನನ್ನನ್ನು ಕರೆದ. ಟ್ರೇಡ್ ಸರಿಯೋ ತಪ್ಪೋ ಎಂದು ಪರಿಶೀಲಿಸಿ ವರದಿ ಕೊಡು, ಸದಸ್ಯರ ಸಭೆಯಲ್ಲಿ ಹೇಳಬೇಕು ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ಈ ಟ್ರೇಡ್ ಮೂರ್ಖತನವೆಂದು ಸಾಬೀತು ಮಾಡಿ ಅವನ ಮೇಜಿನ ಮೇಲೆ ಎಸೆಯುತ್ತೇನೆ ಅಂದುಕೊಂಡೇ ಕೆಲಸಕ್ಕೆ ಕೂತೆ.

ವಿಡಿಯೋ ನನ್ನ ಮಾತು ಕೇಳಲಿಲ್ಲ. ಬಾಸ್ಕೆಟ್ ಕೆಳಗೆ ನಮಗೆ ಎತ್ತರವೇ ಇರಲಿಲ್ಲ. ಪುಟಿದು ಬಂದ ಚೆಂಡೆಲ್ಲ ಎದುರಾಳಿಗಳ ಕೈಗೇ ಹೋಗುತ್ತಿತ್ತು. ಗಾರ್ಡ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದರು, ಸೆಂಟರ್ ಒಬ್ಬಳೂ ಇರಲಿಲ್ಲ. ಅಂಥ ಅನುಭವಿಯನ್ನು ಮೆಲ್ಬರ್ನ್‌ನವರು ಮೇಘನಾಳಿಗಿಂತ ಕಡಿಮೆಗೆ ಬಿಟ್ಟುಕೊಡುತ್ತಿರಲಿಲ್ಲ. ಮನಸ್ಸು ಎಷ್ಟೇ ಕಹಿಯಾದರೂ ಬರೆದೆ: ತಂಡದ ಆ ಹೊತ್ತಿನ ಅಗತ್ಯಕ್ಕೆ ಈ ಟ್ರೇಡ್ ಸಮರ್ಥನೀಯ.

ಆದರೆ ಅದೇ ವಿಡಿಯೋದಲ್ಲಿ ಇನ್ನೊಂದು ವಿಷಯವೂ ಇತ್ತು. ಗಾರ್ಡ್ ಮುನ್ನುಗ್ಗಲು ಎತ್ತರದವಳೊಬ್ಬಳು ಎದುರಾಳಿಯ ದಾರಿಗೆ ಅಡ್ಡ ನಿಲ್ಲಬೇಕು. ಅದನ್ನು ಸ್ಕ್ರೀನ್ ಎನ್ನುತ್ತಾರೆ. ಮೇಘನಾಳಿಗೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಆದರೂ ನುಗ್ಗು ಎನ್ನುತ್ತಿದ್ದ ಕೋಚ್. ಅವಳು ನುಗ್ಗುತ್ತಿದ್ದಳು, ಚೆಂಡು ಕಳೆದುಕೊಳ್ಳುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು, ಮತ್ತೆ ನುಗ್ಗುತ್ತಿದ್ದಳು. ಅಭ್ಯಾಸದ ವಿಡಿಯೋದಲ್ಲಿ ಕೋಚ್‌ನ ದನಿಯೂ ಕೇಳುತ್ತದೆ. ಎಡಕ್ಕೆ ಎಂದರೆ ಎಡಕ್ಕೆ, ಮೂಲೆಗೆ ಎಂದರೆ ಮೂಲೆಗೆ ಹೋಗಿದ್ದಾಳೆ. ಹೇಳಿದ್ದು ಕೇಳದ ಹುಡುಗಿ ಎಲ್ಲಿಯೂ ನನಗೆ ಕಾಣಲಿಲ್ಲ. ತುಸು ಕಡಿಮೆ ಕೇಳಿದ್ದರೆ ಅವಳ ಆಟ ಚೆನ್ನಾಗಿರುತ್ತಿತ್ತು. ಅದನ್ನೂ ಬರೆದೆ.

ಡೀನ್ ಓದಿ ಮುಗುಳ್ನಕ್ಕ. "ಮೊದಲ ಭಾಗ ಸಾಕು. ಎರಡನೆಯದು ನಾನು ಕೇಳದ ಪ್ರಶ್ನೆಗೆ ನೀನು ಕೊಟ್ಟ ಉತ್ತರ."

"ಪ್ರಶ್ನೆ ಎತ್ತಿದ್ದು ನೀನು. ಅವಳ ಸ್ವಭಾವದ ಮಾತು ಹೊರಗೆ ಬಿಟ್ಟಿದ್ದೂ ನೀನೇ."

"ಜನಕ್ಕೆ ಒಂದು ಕಾರಣ ಬೇಕು."

"ಎತ್ತರದವಳು ಬೇಕಿತ್ತು ಅನ್ನು. ಅದು ನಿಜ."

"ಹಾಗಂದರೆ, ಸೀಸನ್ ಶುರುವಿಗೇ ಯಾಕೆ ತರಲಿಲ್ಲ ಅಂತ ನನ್ನನ್ನು ಕೇಳುತ್ತಾರೆ."

ಇಷ್ಟೇ ವಿಷಯ. ತಂಡ ಕಟ್ಟುವಾಗ ತಾನು ಮಾಡಿದ ತಪ್ಪನ್ನು ಮುಚ್ಚಲು ಇಪ್ಪತ್ತು ತುಂಬದ ಹುಡುಗಿಯ ಹೆಸರು ಬೇಕಾಗಿತ್ತು. ನನ್ನ ಮೈಯೆಲ್ಲ ಉರಿಯಿತು. ಎರಡೂ ಭಾಗ ಓದುವುದಾದರೆ ಮಾತ್ರ ನನ್ನ ಹೆಸರು ಬಳಸು ಎಂದು ಹೇಳಿ ಎದ್ದು ಬಂದೆ.

ಸದಸ್ಯರ ಸಭೆಯಲ್ಲಿ ಅವನು ಮೊದಲ ಭಾಗವನ್ನಷ್ಟೇ ಓದಿದ. ನನ್ನ ಹೆಸರನ್ನು ಎರಡು ಸಲ ಹೇಳಿದ. ಕೊನೆಗೆ, "ಸ್ವಭಾವದ ವಿಷಯ ನಿಮಗೆ ಗೊತ್ತೇ ಇದೆ," ಎಂದು ಸೇರಿಸಿದ. ನಾನು ಹಿಂದಿನ ಸಾಲಿನಿಂದ ಎದ್ದು ನಿಂತೆ. "ವರದಿ ನನ್ನದು. ಅರ್ಧ ಮಾತ್ರ ಓದಿದ್ದಾರೆ. ಆ ಹುಡುಗಿ ಕೋಚ್ ಹೇಳಿದ ಒಂದು ಮಾತನ್ನೂ ಮೀರಿಲ್ಲ. ಬೇಕಾದವರಿಗೆ ವಿಡಿಯೋ ತೋರಿಸುತ್ತೇನೆ," ಎಂದೆ. ಯಾರೂ ವಿಡಿಯೋ ಕೇಳಲಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು, ಹೆಚ್ಚಿನವರು ಹೊಸ ಸೆಂಟರ್ ಯಾವಾಗಿಂದ ಆಡುತ್ತಾಳೆ ಎಂದು ಕೇಳಿದರು. ಸೀಸನ್ ಮುಗಿದ ಮೇಲೆ ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

ಮೆಲ್ಬರ್ನ್‌ಗೆ ಹೋಗಿ ಮೇಘನಾಳನ್ನು ಕಂಡಿದ್ದು ಮಾತ್ರ ಸೀಸನ್ ಇನ್ನೂ ನಡೆಯುತ್ತಿದ್ದಾಗಲೇ. ಕ್ರಾನ್‌ಬರ್ನ್‌ನಲ್ಲಿ ಇನ್ನಿಬ್ಬರು ಆಟಗಾರ್ತಿಯರ ಜೊತೆ ರೆಂಟ್ ಮನೆ. ಹೊಸ ಕೋಚ್ ಅವಳನ್ನು ವಾರಗಟ್ಟಲೆ ಬೆಂಚಿನಲ್ಲೇ ಕೂರಿಸಿದ್ದ. ನಿನ್ನ ಬಗ್ಗೆ ಕೇಳಿದ್ದೇನೆ, ಮೊದಲು ನಿನ್ನ ಆಟಿಟ್ಯೂಡ್ ನೋಡಬೇಕು ಎಂದನಂತೆ. ಚಾಡಿ ಅವಳಿಗಿಂತ ಮುಂಚೆಯೇ ವಿಮಾನ ಹತ್ತಿತ್ತು.

"ಆಂಟಿ, ಜಸ್ಟ್ ಟೆಲ್ ಮಿ. ವಾಸ್ ಇಟ್ ಅ ಗುಡ್ ಟ್ರೇಡ್?"

ಅವಳಿಗೆ ಸುಳ್ಳು ಹೇಳುವವರು ಆಗಲೇ ಸಾಕಷ್ಟಿದ್ದರು. "ತಂಡಕ್ಕೆ ಒಳ್ಳೇದೇ ಆಯ್ತು ಕಣೇ. ನಿನ್ನ ಬಗ್ಗೆ ಹೇಳಿದ್ದು ಮಾತ್ರ ಶುದ್ಧ ಸುಳ್ಳು."

ಅವಳು ಮೊದಲ ಸಲ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದಳು, ತಡವರಿಸುತ್ತಾ: "ಎತ್ತರದವರು ಬೇಕು ಅಂತ ನಂಗೆ ಹೇಳಿದ್ರ ತಿಳೀತಿರ್ಲಿಲ್ಲೇನು, ಆಂಟಿ? ನಂಗೂ ಕಣ್ಣದಾವ, ಐ ಕ್ಯಾನ್ ಸೀ." ಅತ್ತಳು. ಆ ಅಳುವಿನಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಆ ವರ್ಷ ಸಿಡ್ನಿ ತಂಡ ಫೈನಲ್ ತಲುಪಿತು. ದೂರದೃಷ್ಟಿಯುಳ್ಳವನೆಂದು ಡೀನ್‌ನನ್ನು ಹೊಗಳಿದರು. ಮೆಲ್ಬರ್ನ್‌ನಲ್ಲಿ ಗಾರ್ಡ್ ಒಬ್ಬಳಿಗೆ ಗಾಯವಾದಾಗ ಮೇಘನಾಳಿಗೆ ಆಡಲು ಅವಕಾಶ ಸಿಕ್ಕಿತು. ಸ್ಕ್ರೀನ್ ಹಾಕುವವರು ಅಲ್ಲಿದ್ದರು. ಈಗ ಅವಳು ಪಂದ್ಯದ ಶುರುವಿನಲ್ಲೇ ಕಣಕ್ಕಿಳಿಯುವ ಆ ತಂಡದ ಮೊದಲ ಐವರಲ್ಲಿ ಒಬ್ಬಳು.

ಒಂದು ನಿರ್ಧಾರ ಸರಿಯೇ ಎಂಬುದು ಒಂದು ಪ್ರಶ್ನೆ, ಅದಕ್ಕಾಗಿ ಯಾರಿಗಾದರೂ ಅನ್ಯಾಯವಾಯಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕ ಕೂಡಲೇ ಎರಡನೆಯದನ್ನು ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಆ ಕೆಲಸ ನನಗೆ ಕಲಿಸಿದ್ದು ಇದು. ಕಲಿತರೂ ಸಿಟ್ಟು ಇಳಿದಿಲ್ಲ. ಮೊನ್ನೆ ಟಿವಿಯಲ್ಲಿ ಕಾಮೆಂಟೇಟರ್ ಒಬ್ಬ ಅವಳನ್ನು ಹೊಗಳುತ್ತಾ, "ಹುಡುಗಿ ಈಗ ತಿದ್ದಿಕೊಂಡಿದ್ದಾಳೆ," ಎಂದ. ಹೊಗಳಿಕೆಯೆಂದೇ ಹೇಳಿದ, ಪಾಪ. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಎದ್ದು ನಿಂತು ಕೂಗಿದೆ: "ತಿದ್ದಿಕೊಳ್ಳೋಕೆ ಅವಳಲ್ಲಿ ಏನಿತ್ತೋ?"