ಖಾಲಿನೇ ಅದಲ್ರಿ

ನಮ್ಮ ಕಮಲಾಪುರದ ಜನ ಖಾಲಿ ಇರುವ ಯಾವುದನ್ನೂ ಸಹಿಸುವುದಿಲ್ಲ. ಬಸ್ಸಿನ ಸೀಟು ಖಾಲಿ ಕಂಡರೆ ಕಿಟಕಿಯೊಳಗಿಂದ ಟವೆಲ್ ಬೀಳುತ್ತದೆ, ಗೋಡೆ ಖಾಲಿ ಕಂಡರೆ ಸೆಗಣಿಯ ಕುಳ್ಳು ತಟ್ಟುತ್ತಾರೆ. ಮನುಷ್ಯನೇ ಖಾಲಿ ಕಂಡರೆ ಹಿಡಿದು ಯಾವುದಾದರೂ ಕಮಿಟಿಗೆ ಅಧ್ಯಕ್ಷನನ್ನಾಗಿ ಮಾಡುತ್ತಾರೆ. ಊರ ಆಟದ ಮೈದಾನದ ಕಮಿಟಿಗೆ ನಾನು ಅಧ್ಯಕ್ಷನಾದದ್ದು ಹೀಗೆ.

ಕಲಬುರಗಿಯ ನೆಹರು ಗಂಜಿನಲ್ಲಿ ಬೇಳೆ ಅಂಗಡಿಯೊಂದರ ಲೆಕ್ಕ ಬರೆದೂ ಬರೆದೂ ಕಣ್ಣು ಮಂಜಾದ ಮೇಲೆ ಊರಿಗೆ ಮರಳಿ, ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದೆ. ಪಂಚಾಯಿತಿಯವರು ಬಂದು, "ಕಾಕಾ, ಈಗ ಖಾಲಿನೇ ಇದ್ದೀರಲ್ರಿ?" ಎಂದರು. ಮಾತಿಗೆ ಹೂಂ ಅಂದೆ, ಅಷ್ಟೇ. ಮರುದಿನ ಮೈದಾನದ ಗೇಟಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆಟದ ವಿಷಯದಲ್ಲಿ ನನ್ನ ಅರ್ಹತೆ ಏನೆಂದು ನೀವು ಕೇಳಬಹುದು. ಶಾಲೆಯಲ್ಲಿ ಉಳಿದವರೆಲ್ಲ ಕಬಡ್ಡಿ ಆಡುವಾಗ ಅವರ ಅಂಗಿ, ಚಪ್ಪಲಿ ಕಾಯುವ ಕೆಲಸ ನನ್ನದಾಗಿತ್ತು. ಆಟಕ್ಕೂ ನನಗೂ ಅದಕ್ಕಿಂತ ಹತ್ತಿರದ ಸಂಬಂಧ ಯಾವತ್ತೂ ಇರಲಿಲ್ಲ.

ಆದರೂ ಹಟಕ್ಕೆ ಬಿದ್ದೆ. ಜಾಲಿ ಕಂಟಿ ಕಡಿಸಿ, ಮುರುಮು ಮಣ್ಣು ಹಾಕಿಸಿ, ರೋಲರ್ ಹೊಡೆಸಿ ನೆಲ ಸಮ ಮಾಡಿಸಿದೆ. ಖೋ ಖೋ ಆಡಲು ಎರಡು ಕಂಬ, ಜೋತಾಡಲು ಒಂದು ಕಬ್ಬಿಣದ ಅಡ್ಡಪಟ್ಟಿ ನಿಲ್ಲಿಸಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಆಟೋಗಳ ನಡುವೆ ಜೀವ ಕೈಯಲ್ಲಿ ಹಿಡಿದು ಓಡಾಡಿ ವಾಲಿಬಾಲ್ ಬಲೆ ತಂದೆ. ಪುಣ್ಯಾತ್ಮರೇ, ನಾನು ಒಂದೊಂದು ಸುಧಾರಣೆ ಮಾಡಿದಾಗಲೂ ಊರು ಅದಕ್ಕೆ ಒಂದೊಂದು ಉಪಯೋಗ ಕಂಡುಕೊಂಡಿತು. ಸಮ ಮಾಡಿದ ನೆಲದ ಮೇಲೆ ತೊಗರಿ ಒಣಗಲು ಬಂತು. ಕಂಬಕ್ಕೆ ಎಮ್ಮೆ ಬಂತು. ಅಡ್ಡಪಟ್ಟಿಯ ಮೇಲೆ ಒದ್ದೆ ಕೌದಿಗಳು ಜೋತಾಡಿದವು. ಒಂದು ಬದಿಗೆ ಕಿರಾಣಿ ಅಂಗಡಿಯ ರೇವಣಸಿದ್ದ ಹೊಸ ಕಾರು ಕಲಿಯತೊಡಗಿದ. ಅವನಿಗೆ ಮುಂದೆ ಹೋಗುವುದು ಬೇಗ ಬಂತು, ನಿಲ್ಲಿಸುವುದು ಇನ್ನೂ ಬಂದಿಲ್ಲ.

ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. ತೊಗರಿ ಹರವಿದ ಶಾಂತಾಬಾಯಿ ಸೊಂಟಕ್ಕೆ ಕೈಯಿಟ್ಟು ಹೇಳಿದ್ದೂ ಅದನ್ನೇ: "ಖಾಲಿನೇ ಅದಲ್ರಿ ಕಾಕಾ. ಹುಡುಗ್ರು ಸಂಜಿಕ ಬರ್ತಾರ. ಅಲ್ಲೀತನಕ ಇಷ್ಟು ಚಂದ ಬಿಸಿಲು ಸುಮ್ನ ಹಾಳಾಗಬೇಕೇನ್ರಿ?"

ನಾನು ಆ ರಾತ್ರಿ ಊಟ ಮಾಡುತ್ತಾ ಖಾಲಿ ಎಂಬ ಪದವನ್ನೇ ಬೈದೆ. ನಿಜಾಮರ ಕಾಲದ ಕಾಗದಪತ್ರಗಳೊಂದಿಗೆ ನಮ್ಮ ಕಡೆ ಬಂದು ಇಲ್ಲೇ ಉಳಿದ ಪದ ಅದು. ಬರಿದು ಎಂಬ ಕನ್ನಡ ಪದ ನಮ್ಮಲ್ಲಿ ಪುಸ್ತಕದಲ್ಲಿ ಮಾತ್ರ ಇದೆ. ಬಯಲು ಎನ್ನೋಣವೆಂದರೆ ಅದರ ಕಥೆ ಬೇರೆ. ಇಲ್ಲಿಂದ ಬಹಳ ದೂರವೇನೂ ಇಲ್ಲದ ಕಲ್ಯಾಣದ ಶರಣರು ಬಯಲಾಗುವುದೇ ದೊಡ್ಡದೆಂದರು. ನಮ್ಮೂರಿನವರು ನೀರಿನ ಚರಗಿ ಹಿಡಿದು ಬಯಲಕಡೆಗೆ ಹೋಗಿ ಬರುವುದನ್ನೇ ದೊಡ್ಡದೆಂದುಕೊಂಡರು. ಹೀಗಾಗಿ ಬೋರ್ಡಿನ ಮೇಲೆ 'ಎಲ್ಲರಿಗೂ ತೆರೆದ ಬಯಲು' ಎಂದು ಬರೆಸಬೇಕೆಂಬ ನನ್ನ ಆಸೆಯನ್ನು ಹೆಂಡತಿ ನಕ್ಕೂ ನಕ್ಕೂ ಕೆಡಿಸಿದಳು.

ಅಷ್ಟರಲ್ಲಿ ನಿಜವಾದ ಸಂಕಟ ಬಂತು. ಮೈದಾನ ಯಾರಿಗೂ ಬಳಕೆಯಾಗುತ್ತಿಲ್ಲ, ಅಲ್ಲೊಂದು ಗೋಡೌನ್ ಕಟ್ಟಿದರೆ ಹೇಗೆ ಎಂದು ಮೇಲಿನವರಿಗೆ ಅನಿಸಿತಂತೆ. ಶನಿವಾರ ಒಬ್ಬ ಸಾಹೇಬರು ಕಲಬುರಗಿಯಿಂದ ಬಂದು ನೋಡುತ್ತಾರೆಂದು ತಿಳಿಯಿತು. ಸುದ್ದಿ ಕೇಳಿ ಮೊದಲು ಓಡಿ ಬಂದವಳು ಶಾಂತಾಬಾಯಿಯ ಮೊಮ್ಮಗಳು ಅಂಬಿಕಾ, ಶಾಲೆಯ ಖೋ ಖೋ ತಂಡದ ನಾಯಕಿ.

"ಮುತ್ಯಾ, ಹುಡುಗ್ರಿಗಿ ಎಲ್ಲಿ ಬೇಕಾದ್ರೂ ನಡೀತದ, ರೋಡಿನ ಮ್ಯಾಲೂ ಆಡ್ತಾರ. ನಮಗ ಇದು ಬಿಟ್ರ ಮನ್ಯಾಗ ಎಲ್ಲೀ ಕಳ್ಸಂಗಿಲ್ಲ. ಇಲ್ಲಾದ್ರ ತೊಗರಿ ಕಾಯ್ಕೊಂತ ಆಯಿ ಇರ್ತಾಳ ಅಂತ ಬಿಡ್ತಾರ್ರಿ."

ಆ ಮಾತಿನ ಕೊನೆಯ ತುಂಡನ್ನು ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಗೋಡೌನ್ ಎಂದ ಕೂಡಲೇ ತಲೆಗೆ ಏರಿದ್ದು ಒಂದೇ: ಸಾಹೇಬರಿಗೆ ಮೈದಾನ ಕನ್ನಡಿಯಂತೆ ಕಾಣಬೇಕು. ಶನಿವಾರ ಬೆಳಿಗ್ಗೆ ತೊಗರಿ ಎತ್ತಿಸಿದೆ, ಎಮ್ಮೆ ಬಿಡಿಸಿದೆ, ಕೌದಿಗಳನ್ನು ಯಜಮಾನಿಯರ ಹೆಗಲಿಗೇ ಹೊರಿಸಿದೆ, ರೇವಣಸಿದ್ದನನ್ನು ಹುಮನಾಬಾದ್ ರೋಡಿಗೆ ಅಟ್ಟಿದೆ. ಕಸ ಗುಡಿಸಿ, ಸುಣ್ಣದ ಗೆರೆ ಎಳೆಸಿದೆ. ಗೆರೆ ಎಷ್ಟು ಚಂದ ಬಂದಿತ್ತೆಂದರೆ, ತುಳಿದು ಅಳಿಸುತ್ತೀರಿ, ಸಾಹೇಬರು ಹೋದ ಮೇಲೆ ಬರ್ರಿ ಎಂದು ಖೋ ಖೋ ಹುಡುಗಿಯರನ್ನೂ ವಾಪಸು ಕಳಿಸಿದೆ. ಇಂಥ ಬುದ್ಧಿವಂತಿಕೆ ನನ್ನಲ್ಲಿ ಎಲ್ಲಿ ಅಡಗಿತ್ತೋ ದೇವರಿಗೇ ಗೊತ್ತು.

ಸಾಹೇಬರು ಮಧ್ಯಾಹ್ನದ ಹೊತ್ತಿಗೆ ಬಂದರು. ನಮ್ಮೂರ ಕೆಂಪು ಬಾಳೆಹಣ್ಣು ಕೊಟ್ಟೆ. ತಿನ್ನುತ್ತಾ ಸುತ್ತಲೂ ನೋಡಿದರು. ಸಿಪ್ಪೆ ಎಸೆಯಲು ಎಲ್ಲೂ ಮನಸ್ಸು ಬಾರದೆ ನನ್ನ ಕೈಗೇ ಕೊಟ್ಟು ಹೇಳಿದರು:

"ಖಾಲಿನೇ ಅದಲ್ರಿ."

"ಇಲ್ರಿ ಸಾಹೇಬ್ರ, ದಿನಾ ಭಾಳ ಮಂದಿ ಬರ್ತಾರ್ರಿ."

"ಮತ್ತ ಎಲ್ಲಿ ಹೋಗ್ಯಾರ?"

"ಇವತ್ತ ನಾನೇ ಬ್ಯಾಡ ಅಂದೀನ್ರಿ."

ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಹುಮನಾಬಾದ್ ಕಡೆ ಕೆಲಸವಿದೆ, ಇಳಿಹೊತ್ತಿಗೆ ಇದೇ ದಾರಿಯಲ್ಲಿ ಬಂದು ಇನ್ನೊಮ್ಮೆ ನೋಡುತ್ತೇನೆ ಎಂದು ಹೊರಟರು.

ಸಿಪ್ಪೆ ಕೈಯಲ್ಲಿ ಹಿಡಿದುಕೊಂಡೇ ಶಾಂತಾಬಾಯಿಯ ಮನೆಗೆ ಓಡಿದೆ. ತೊಗರಿ ಹರವಲು ಬಾ ಎಂದೆ. ಅವಳು ತಲೆ ಎತ್ತದೆ ಹೇಳಿದಳು: "ಬೆಳಿಗ್ಗಿ ಓಡ್ಸಿದ್ರಿ, ಈಗ ಬಾ ಅಂತೀರಿ. ನಾ ಏನ್ ಖಾಲಿ ಕುಂತೀನೇನ್ರಿ?"

ನ್ಯಾಯವಾದ ಮಾತು. ತೊಗರಿ ಚೀಲವನ್ನು ನಾನೇ ಹೊತ್ತೆ. ಅದನ್ನು ನೋಡಿ ಪಾಪ ಅನಿಸಿತೋ, ನಗು ಬಂತೋ, ಮೊರ ಹಿಡಿದು ಹಿಂದೆ ಬಂದಳು. ಅವಳು ಬಂದದ್ದು ಕಂಡು ಓಣಿಯ ಹೆಂಗಸರು ಕೌದಿ ಹೊತ್ತು, ಎಮ್ಮೆ ಹೊಡೆದುಕೊಂಡು ಬಂದರು. ಅವರು ಬಂದದ್ದು ಕಂಡು ಮನೆಯವರು ಹುಡುಗಿಯರನ್ನು ಬಿಟ್ಟರು. ಅಂಬಿಕಾ ಹೇಳಿದ್ದರ ಕೊನೆಯ ತುಂಡು ನನಗೆ ಆಗ ಕೇಳಿಸಿತು. ಇಷ್ಟು ದಿನ ನಾನು ಬೈದು ಓಡಿಸುತ್ತಿದ್ದ ತೊಗರಿಯ ನೆರಳಿನಲ್ಲೇ ಖೋ ಖೋ ನಡೆದಿತ್ತು.

ಇಳಿಹೊತ್ತಿಗೆ ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ಗೇಟಿಗೆ ಅಡ್ಡ ಎಮ್ಮೆ ನಿಂತಿತ್ತು, ಎಮ್ಮೆಯ ಹಿಂದೆ ರೇವಣಸಿದ್ದನ ಕಾರು ನಿಲ್ಲಲಾರದೆ ನಿಂತಿತ್ತು. ಅದರ ಹಿಂದಿದ್ದ ತಮ್ಮ ಗಾಡಿಯಿಂದ ಸಾಹೇಬರು ಇಳಿದು, ಕೌದಿ ಸರಿಸಿ ಇಣುಕಿದರು. ಒಳಗೆ ಅಂಬಿಕಾ ಖೋ ಎಂದು ಕೂಗಿ ಓಡುತ್ತಿದ್ದಳು. ನನ್ನ ಸುಣ್ಣದ ಗೆರೆ ಎಲ್ಲಿತ್ತೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

"ಏನ್ರಿ ಇದು, ಕಾಲಿಡ್ಲಿಕ್ಕೂ ಜಾಗಾ ಇಲ್ಲ. ಇಲ್ಲಿ ಗೋಡೌನ್ ಎಲ್ಲಿ ಕಟ್ಟಬೇಕು?" ಎಂದು ಸಿಡುಕಿ ಹೊರಟುಹೋದರು. ನನ್ನ ಜನ್ಮದಲ್ಲಿ ಅಷ್ಟು ಹಿತವಾದ ಬೈಗುಳ ಕೇಳಿಲ್ಲ.

ಇದಾದ ಮೇಲೆ ನಾನು ಸುಧಾರಿಸಿದೆನೆಂದು ತಿಳಿಯಬೇಡಿ. ಈಗಲೂ ದಿನಾ ಜಗಳವಿದೆ. ಶಾಂತಾಬಾಯಿಯ ತೊಗರಿ ದಿನಕ್ಕೊಂದು ಗೇಣು ಆಟದ ಕೋರ್ಟಿನೊಳಗೆ ನುಗ್ಗುತ್ತದೆ, ನಾನು ಪೊರಕೆಯಿಂದ ಹೊರಗೆ ತಳ್ಳುತ್ತೇನೆ. ಎಮ್ಮೆಗೆ ಬೇರೆ ಗೂಟ ಹಾಕಿಸಿಕೊಟ್ಟರೂ ಅದಕ್ಕೆ ಖೋ ಖೋ ಕಂಬವೇ ಬೇಕು. ನನಗೆ ತಲೆ ಚಿಟ್ಟು ಹಿಡಿದಿದೆ.

ಮೊನ್ನೆ ಸಂಜೆ ಮೈದಾನದ ಅಂಚಿನ ಕಲ್ಲಿನ ಮೇಲೆ ಕುಳಿತಿದ್ದೆ. ಆಟ ಶುರುವಾಗುವ ಮೊದಲು ಹುಡುಗಿಯರು ಒಬ್ಬೊಬ್ಬರಾಗಿ ಬಂದು ಚಪ್ಪಲಿಗಳನ್ನು ನನ್ನ ಕಾಲ ಬಳಿ ಬಿಟ್ಟರು, ಓಢಣಿಗಳನ್ನು ನನ್ನ ಹೆಗಲಿಗೆ ಹಾಕಿದರು. ಅದೇ ಹೊತ್ತಿಗೆ ಪಂಚಾಯಿತಿಯವರು ಆ ದಾರಿಯಲ್ಲಿ ಬಂದರು. ಹೊಸದೇನೋ ಕಮಿಟಿ ಇತ್ತೆಂದು ಕಾಣುತ್ತದೆ.

"ಕಾಕಾ, ಖಾಲಿ ಇದ್ದೀರೇನ್ರಿ?"

"ಇಲ್ಲಪಾ," ಎಂದೆ, "ಚಪ್ಪಲ್ ಕಾಯ್ಲಾಕತ್ತೀನಿ."